‘ನೀರು ಬಂತು’ ಬಳಗದ ಅಡ್ಮಿನ್

ಗಂಡ ಕುಡಿಯಲು ಶುರುಮಾಡಿದರೆ ಏನು ಮಾಡಬೇಕೆಂದು ನಮ್ಮ ಓಣಿಯ ಹೆಂಗಸರಿಗೆಲ್ಲ ಗೊತ್ತು. ಇಸ್ಪೀಟಿಗೆ ಬಿದ್ದರೂ ಗೊತ್ತು. ಗಂಡ ಒಂದು ಹೊಸ ಧರ್ಮ ಶುರುಮಾಡಿದರೆ ಏನು ಮಾಡಬೇಕೆಂದು ಮಾತ್ರ ಸೇಡಂನಲ್ಲಿ ಯಾರಿಗೂ ಗೊತ್ತಿರಲಿಲ್ಲ. ತವರಿಗೆ ಫೋನ್ ಮಾಡಿ ಅಕ್ಕನನ್ನು ಕೇಳಿದೆ. "ಹೊಡೀತಾರೇನು?" ಎಂದಳು. ಇಲ್ಲ ಎಂದೆ. "ಮತ್ತ ಬಿಡು, ಮಾಡ್ಕೋಲಿ" ಎಂದು ಫೋನ್ ಇಟ್ಟಳು.

ಈ ಬರಹದಲ್ಲಿ ನಮ್ಮವರ ಹೆಸರು ಬರುವುದಿಲ್ಲ. ನಾನು ಗಂಡನ ಹೆಸರು ಹೇಳದ ಕಾಲದವಳು, ಅದೊಂದು ಕಾರಣ. ಇನ್ನೊಂದು, ನಮ್ಮ ಕಡೆ ಹೆಸರು ಹೇಳಿದ ಕೂಡಲೇ ಅಪ್ಪನ ಹೆಸರು ಕೇಳುತ್ತಾರೆ, ಆಮೇಲೆ ಅಡ್ಡಹೆಸರು ಕೇಳುತ್ತಾರೆ, ಅಷ್ಟಕ್ಕೂ ತಿಳಿಯದಿದ್ದರೆ ತಲೆ ತುಸು ವಾಲಿಸಿ, ಬಹಳ ಮರ್ಯಾದೆಯಿಂದ, "ಯಾರ ಪೈಕಿ ರೀ ನೀವು?" ಎನ್ನುತ್ತಾರೆ. ಪೈಕಿ ಎಂದರೆ ಜಾತಿ. ಜಾತಿ ಎಂದು ಬಾಯಿಬಿಟ್ಟು ಕೇಳಿದರೆ ಒರಟಾಗುತ್ತದೆಂದು ಈ ಶಬ್ದ ಇಟ್ಟುಕೊಂಡಿದ್ದೇವೆ. ನಾವು ಯಾರ ಪೈಕಿ ಎಂದು ನಾನು ಬರೆಯುವುದಿಲ್ಲ. ಬರೆದರೆ ನೀವು ‘ಓಹೋ, ಹಂಗಾ’ ಎಂದುಕೊಂಡು ಮುಂದಿನದನ್ನೆಲ್ಲ ಓದದೆಯೇ ತಿಳಿದುಬಿಡುತ್ತೀರಿ. ಅಷ್ಟು ಸಲೀಸಾಗಿ ತಿಳಿಯಲು ನಾನು ಬಿಡುವುದಿಲ್ಲ.

ನಮ್ಮವರು ವಾಡಿಯ ಆಚೆಗಿನ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ಹಾಜರಿ ಹಾಕುವ ಗುಮಾಸ್ತರಾಗಿದ್ದರು. ಸೇಡಂನಿಂದ ದಿನಾ ಪ್ಯಾಸೆಂಜರ್ ರೈಲಿನಲ್ಲಿ ಓಡಾಟ. ಕಬ್ಬಿಣದ ಸರಳಿನ ಒಂದು ಕಿಟಕಿ, ಒಳಗೆ ಇವರು. ಗಣಿಯಲ್ಲಿ ಕಲ್ಲು ಒಡೆಯುವವರಿಂದ ಹಿಡಿದು ಟೈ ಕಟ್ಟಿದ ಎಂಜಿನಿಯರುಗಳವರೆಗೆ ಎಲ್ಲರೂ ಆ ಕಿಟಕಿಗೆ ಬಗ್ಗಿ ಹೆಸರು ಹೇಳಿಯೇ ಒಳಗೆ ಹೋಗಬೇಕು. ಆ ಬಗ್ಗುವಿಕೆ ಇವರಿಗೆ ಊಟಕ್ಕಿಂತ ಹೆಚ್ಚು ರುಚಿಸುತ್ತಿತ್ತು. ಆಮೇಲೆ ಬೆರಳು ಒತ್ತುವ ಯಂತ್ರ ಬಂತು. ಮಂದಿ ಯಂತ್ರಕ್ಕೆ ಹೆಬ್ಬೆಟ್ಟು ಒತ್ತಿ, ಕಿಟಕಿಯ ಕಡೆ ನೋಡದೆ ಹೋಗತೊಡಗಿದರು. ಅದಾಗಿ ಸ್ವಲ್ಪ ಕಾಲಕ್ಕೆ ಇವರು ನಿವೃತ್ತರಾದರು. ಶಾಲು ಹೊದಿಸಿ ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಜೀವಮಾನವೆಲ್ಲ ಊರವರ ಟೈಮ್ ನೋಡಿದವರಿಗೆ ಗಡಿಯಾರ ಕೊಡಬೇಕೆಂದು ಯಾರ ತಲೆಗೆ ಹೊಳೆಯಿತೋ, ಅವರಿಗೆ ನನ್ನ ನಮಸ್ಕಾರ.

ಇನ್ನು ಅವರ ದೋಸ್ತನ ವಿಷಯ. ಚಿತ್ತಾಪುರದವರು. ಟೈಮ್ ಆಫೀಸಿನಲ್ಲಿ ಇವರ ಪಕ್ಕದ ಕುರ್ಚಿ. ಚಿತ್ತಾಪುರ ಸ್ಟೇಷನ್ನಿನಲ್ಲಿ ರೈಲು ಹತ್ತಿ ಇವರು ಹಿಡಿದಿಟ್ಟ ಸೀಟಿನಲ್ಲಿ ಕೂರುತ್ತಿದ್ದರು. ಇಬ್ಬರದೂ ಒಂದೇ ಎಲೆ ಅಡಿಕೆ ಡಬ್ಬಿ. ನನ್ನ ಹೆರಿಗೆಯಲ್ಲಿ ರಕ್ತ ಬೇಕಾಗಿ ನಮ್ಮವರು ಕೈಕಾಲು ಬಿಟ್ಟು ನಿಂತಾಗ, ತೋಳು ಮಡಚಿ ಮೊದಲು ಮಲಗಿದವರು ಅವರೇ. ಅಂದರೆ ಅವರ ರಕ್ತ ನನ್ನ ಮೈಯಲ್ಲಿ ಹರಿಯುತ್ತಿದೆ. ಆದರೆ ನಮ್ಮ ಮನೆಯ ನೀರು ಅವರ ಗಂಟಲಿಗೆ ಒಮ್ಮೆಯೂ ಇಳಿದಿರಲಿಲ್ಲ. ಬರುತ್ತಿದ್ದರು, ಕೂರುತ್ತಿದ್ದರು, ನಗಿಸುತ್ತಿದ್ದರು. ತಂಬಿಗೆ ಮುಂದಿಟ್ಟ ಕೂಡಲೇ, "ಈಗಷ್ಟ ಕುಡದು ಬಂದೀನ್ರಿ ವೈನಿ" ಎನ್ನುತ್ತಿದ್ದರು. ಹೆಗಲ ಚೀಲದಲ್ಲಿ ಸದಾ ಅವರದೇ ಒಂದು ನೀರಿನ ಬಾಟಲಿ. ಬಿಸಿಲಲ್ಲಿ ಬಂದು ಬೆವರು ಸುರಿಸುತ್ತಲೂ ‘ಈಗಷ್ಟ ಕುಡದು’ ಬಂದಿರುತ್ತಿದ್ದರು. ನಾವಾದರೂ ಆ ಮನೆಯಲ್ಲಿ ಕುಡಿದಿದ್ದೆವೇ ಎಂದು ಕೇಳಬೇಡಿ. ಅವರು ಕೊಡಲೂ ಇಲ್ಲ, ನಾವು ಕೇಳಲೂ ಇಲ್ಲ. ಯಾರದು ಮೇಲಿನ ಪೈಕಿ, ಯಾರದು ಕೆಳಗಿನದು ಎಂಬುದನ್ನು ಮೊದಲೇ ಹೇಳಿದೆನಲ್ಲ, ಬರೆಯುವುದಿಲ್ಲ.

ನಿವೃತ್ತಿಯ ದಿನ ಆ ದೋಸ್ತ ಗಡಿಯಾರ ಹೊತ್ತುಕೊಂಡು ಇವರನ್ನು ಮನೆತನಕ ಬಿಡಲು ಬಂದಿದ್ದರು. ನಮ್ಮವರು ಎಂದೂ ಇಲ್ಲದ್ದು ತಾವೇ ಒಳಗೆ ಹೋಗಿ ತಂಬಿಗೆ ತುಂಬಿ ತಂದು, ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದರು. ದೋಸ್ತ ಚೀಲ ತಟ್ಟಿ, "ಅದ, ನಂದು ಅದ" ಎಂದರು. ನಮ್ಮವರು ತಂಬಿಗೆ ಹಿಡಿದು ಸುಮಾರು ಹೊತ್ತು ಹಾಗೆಯೇ ನಿಂತಿದ್ದರು. ಮರುದಿನದಿಂದ ಮನೆಯಲ್ಲಿ ಮಾತು ನಿಂತಿತು. ಉಣ್ಣಲು ಕರೆದರೆ ಬರುವರು, ಉಂಡು ಏಳುವರು, ಗೋಡೆಯ ಗಡಿಯಾರ ನೋಡುತ್ತ ಕೂರುವರು. ನಾನು ಜಗಳ ತೆಗೆದರೂ ಉತ್ತರವಿಲ್ಲ. ಜಗಳಕ್ಕೂ ಬಾರದ ಗಂಡನನ್ನು ನೋಡಿ ನನಗೆ ನಿಜವಾಗಿ ಹೆದರಿಕೆಯಾಯಿತು. ಅಂಗನವಾಡಿಯಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುವಾಗಲೂ ಮನಸ್ಸು ಮನೆಯ ಕಡೆಗೇ ಇರುತ್ತಿತ್ತು.

ಹೀಗೆಯೇ ಒಂದು ಚಳಿಗಾಲ ಕಳೆಯಿತು. ಒಂದು ಮುಂಜಾನೆ ಕಾಗಿಣಾ ಹೊಳೆಯ ದಂಡೆಗೆ ತಿರುಗಾಡಲು ಹೋಗಿ ಬಂದವರು ಅಡುಗೆಮನೆಯ ಬಾಗಿಲಲ್ಲಿ ನಿಂತು, "ನಾ ಒಂದ್ ಧರ್ಮ ಮಾಡಬೇಕಂತೀನಿ" ಎಂದರು.

"ಮೊದಲ ಜಳಕ ಮಾಡ್ರಿ" ಎಂದೆ.

"ಚೇಷ್ಟಿ ಅಲ್ಲ ಇದು. ದೇವರಿಲ್ಲ, ಗುರು ಇಲ್ಲ, ಪುಸ್ತಕ ಇಲ್ಲ. ಒಂದು ತಂಬಿಗಿ ನೀರು. ಕೈಯಿಂದ ಕೈಗಿ ದಾಟಸ್ಕೋತ ಎಲ್ಲಾರೂ ಕುಡೀಬೇಕು. ನಡುವ ತೊಳೀಬಾರದು. ನೀ ಯಾರು ಅಂತ ಕೇಳಬಾರದು. ಒಬ್ಬರು ‘ನೀರು ಬಂತು’ ಅನಬೇಕು, ಇನ್ನೊಬ್ಬರು ‘ಬರಲಿ’ ಅನಬೇಕು. ಮುಗೀತು."

ಎಷ್ಟೋ ತಿಂಗಳ ಮೇಲೆ ಅವರ ಬಾಯಿಂದ ಅಷ್ಟುದ್ದ ಮಾತು ಬಂದಿತ್ತು. ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು. ಧರ್ಮವೋ ಗಿರ್ಮವೋ, ಮಾತಾಡಿದರಲ್ಲ, ಸಾಕು ಎಂದುಕೊಂಡೆ. "ಮಂದಿ ಎಲ್ಲಿಂದ ತರ್ತೀರಿ?" ಎಂದು ಕೇಳಿದೆ. ಅವರು ಒಲೆಯ ಪಕ್ಕದಲ್ಲಿದ್ದ ನನ್ನ ಫೋನಿನ ಕಡೆ ಬೆರಳು ತೋರಿಸಿದರು.

ಅಂಗನವಾಡಿಯವರಿಗೆ ಫೋನ್ ಕಲಿಯದೆ ಗತಿಯಿಲ್ಲ. ಕೂಸಿನ ತೂಕ, ತಾಯಿಯ ಎತ್ತರ, ಹಂಚಿದ ಮೊಟ್ಟೆ, ಎಲ್ಲವನ್ನೂ ಫೋನಿನಲ್ಲೇ ತುಂಬಬೇಕು. ನಮ್ಮವರಿಗೆ ಒಂದು ಬೆರಳಿನಿಂದ ಒಂದು ಅಕ್ಷರ ಹುಡುಕಲು ಒಂದು ಚಹಾ ಆರುವಷ್ಟು ಹೊತ್ತು ಬೇಕು. ಆದ್ದರಿಂದ ಕೆಲಸ ಹಂಚಿಕೆಯಾಯಿತು. ಸಂಸ್ಥಾಪಕರು ಅವರು, ಟೈಪಿಂಗ್ ನಾನು.

ಮೊದಲು ಐದು ವಾಟ್ಸಾಪ್ ಗ್ರೂಪ್ ತೆರೆದೆವು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ. ಒಬ್ಬ ಭಕ್ತನೂ ಇಲ್ಲದ ಧರ್ಮಕ್ಕೆ ಐದು ಶಾಖೆ. ಎಲ್ಲದರ ಹೆಸರು ‘ನೀರು ಬಂತು’, ಎಲ್ಲದರ ಅಡ್ಮಿನ್ ನಮ್ಮವರು. ಪರಿಚಯದವರ ನಂಬರುಗಳನ್ನು ಕೇಳದೆಯೇ ಸೇರಿಸಿದೆ. ಕೇಳದೆ ಸೇರಿಸುವುದು ತಪ್ಪಲ್ಲವೇ ಎಂದು ಅವರಿಗೇ ಅಳುಕಾಯಿತು. "ಹುಟ್ಟೂಮುಂದ ನಿಮಗ ಯಾರರ ಕೇಳಿ ಸೇರಿಸ್ಯಾರೇನ್ರಿ?" ಎಂದೆ. ಅದನ್ನು ಅವರು ಬೋಧನೆಯ ಸಾಲಾಗಿ ಇಟ್ಟುಕೊಂಡರು.

ಸೇರಿಸಿದಷ್ಟೇ ಬೇಗ ಮಂದಿ ಬಿಟ್ಟುಹೋಗುತ್ತಿದ್ದರು. ‘ಲೆಫ್ಟ್’ ಎಂದು ಬಂದಾಗಲೆಲ್ಲ ನನಗೆ ಎದೆ ಚುರುಕ್ಕೆನ್ನುತ್ತಿತ್ತು. ಇವರು ಮಾತ್ರ ಪಾಳಿ ಮುಗಿಸಿ ಮನೆಗೆ ಹೋದವರನ್ನು ನೋಡುವ ಹಾಗೆ ನೋಡಿ, "ನಾಳೆ ಬರ್ತಾರ" ಎನ್ನುತ್ತಿದ್ದರು. ಉಳಿದವರಾದರೂ ಏತಕ್ಕೆ ಉಳಿದರು? ವಾಡಿ ಶಾಖೆ ಯಾವ ರೈಲು ಎಷ್ಟು ಲೇಟು ಎಂಬ ಚರ್ಚೆಗೆ ಮೀಸಲಾಯಿತು. ಶಹಾಬಾದ್ ಶಾಖೆಯಲ್ಲಿ ಒಬ್ಬರು ಪಾಲಿಶ್ ಮಾಡಿದ ಹಾಸುಗಲ್ಲಿನ ಫೋಟೋ ಹಾಕಿ ಗಿರಾಕಿ ಹುಡುಕತೊಡಗಿದರು. ಚಿಂಚೋಳಿಯ ನಿವೃತ್ತ ಮಾಸ್ತರರೊಬ್ಬರು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಹೂವಿನ ಚಿತ್ರದ ಶುಭೋದಯ ಕಳಿಸುತ್ತಿದ್ದರು, ಮಧ್ಯಾಹ್ನವೂ ಶುಭೋದಯವೇ. ಚಿತ್ತಾಪುರ ಶಾಖೆಯಲ್ಲಿ ಉಳಿದವರು ಒಬ್ಬರೇ, ಆ ದೋಸ್ತ. ಅವರು ಏನೂ ಬರೆಯುತ್ತಿರಲಿಲ್ಲ. ಆದರೆ ಬಿಟ್ಟೂ ಹೋಗಲಿಲ್ಲ.

ಫೇಸ್‌ಬುಕ್ಕಿನಲ್ಲಿ ಪುಟ ಮಾಡಿದೆ. ಮೊದಲ ಕಮೆಂಟೇ, "ಸರ್, ತಾವು ಯಾರ ಪೈಕಿ ರೀ?" ಎಂದಿತ್ತು. ನಮ್ಮವರು ಅರ್ಧ ದಿನ ಯೋಚಿಸಿ, "ಬಾಯಾರಿದವರ ಪೈಕಿ" ಎಂದು ಬರೆಸಿದರು. ಬರೆಸಿ, ನನ್ನ ಮುಖ ನೋಡಿದರು. ಚೆನ್ನಾಗಿದೆ ಎಂದೆ, ಚೆನ್ನಾಗಿಯೇ ಇತ್ತು. ಸ್ವಲ್ಪ ಹೊತ್ತಿಗೆ ಅದೇ ಮನುಷ್ಯನ ಉತ್ತರ ಬಂತು: "ಆ ಮಂದಿ ನಮ್ ಕಡಿ ಇಲ್ರಿ. ಚಿಂಚೋಳಿ ಕಡಿಯವರೇನು?"

ಆಮೇಲೆ ಗೂಗಲ್ ಫಾರಂ. ಹೆಸರು ಬೇಡ, ಊರು ಬೇಡ, ಒಂದೇ ಪ್ರಶ್ನೆ ಸಾಕೆಂದರು. ‘ಎಲ್ಲರೊಂದಿಗೆ ಕುಡಿಯುವಿರಾ?’ ಎಂದು ಹಾಕಿದೆ. "ಶನಿವಾರ ಬಿಟ್ಟು ಯಾವಾಗಾದರೂ ಸಿದ್ಧ, ಸೋಡಾ ನಿಮ್ಮದು" ಎಂದು ಒಬ್ಬರು ತುಂಬಿದರು. ಫಾರಮ್ಮಿನ ಕ್ಯೂಆರ್ ಕೋಡ್ ಮುದ್ರಿಸಿ ವಾಡಿಯ ಒಂದು ಚಹಾದಂಗಡಿಯ ಗೋಡೆಗೆ ಅಂಟಿಸಿ ಬಂದರು. ಮೂರನೆಯ ದಿನ ಅಂಗಡಿಯವನು ಅದನ್ನು ಕಿತ್ತು ಕೈಗೆ ಕೊಟ್ಟು, "ಮಂದಿ ಚಾ ಕುಡದು ಇದಕ್ಕ ಫೋನ್ ಹಿಡೀಲಿಕತ್ತಾರ. ಹಾಂ, ರೊಕ್ಕ ಹೋತು ಅಂತ ಹೇಳಿ ನಡೀಲಿಕತ್ತಾರ. ನಿಮ್ ಧರ್ಮ ನಿಮ್ ಮನ್ಯಾಗ ಇಟ್ಕೋರಿ ಸಾಹೇಬ್ರ" ಎಂದನಂತೆ. ಯೂಟ್ಯೂಬ್ ಲೈವ್ ಒಂದು ಮಾಡಿದೆವು. ಮೂವರು ನೋಡುತ್ತಿದ್ದಾರೆಂದು ತೋರಿಸಿತು. ಒಬ್ಬಳು ನಾನು. ಇನ್ನೊಬ್ಬರು, ಬೇರೊಂದು ಫೋನಿನಲ್ಲಿ ತಮ್ಮನ್ನೇ ನೋಡಿಕೊಳ್ಳುತ್ತಿದ್ದ ನಮ್ಮವರು. ಮೂರನೆಯವರು ಯಾರೋ ಪುಣ್ಯಾತ್ಮರು, ಕಡೆತನಕ ಇದ್ದರು. ಫೋನ್ ಚಾಲೂ ಇಟ್ಟು ನಿದ್ದೆ ಹೋಗಿದ್ದರೆಂಬುದು ನನ್ನ ಅನುಮಾನ.

ಇಷ್ಟಾದರೂ ಇವರ ಉತ್ಸಾಹ ಕುಗ್ಗಲಿಲ್ಲ. ಬೇಸಿಗೆ ಹತ್ತಿರವಾದಾಗ ಸೇಡಂ ಗ್ರೂಪಿಗೆ ಒಂದು ಫೋಟೋ ಬೇಕೆಂದರು. ಕಾಗಿಣಾದ ಫೋಟೋ ಹಾಕೆಂದರು. ಹೋಗಿ ನೋಡಿದೆ, ಹೊಳೆಯಲ್ಲಿ ಮರಳು, ಎಮ್ಮೆ, ಅಲ್ಲಲ್ಲಿ ಪಾಚಿಗಟ್ಟಿದ ಮಡು. ಇದನ್ನು ಹಾಕಿದರೆ ಇದ್ದವರೂ ಓಡುತ್ತಾರೆಂದು, ಮನೆಗೆ ಬಂದು ಹಿತ್ತಲ ನಳದ ಕೆಳಗೆ ತಾಮ್ರದ ತಂಬಿಗೆ ಇಟ್ಟು, ನೀರು ಬೀಳುತ್ತಿರುವಾಗ ಒಂದು ಫೋಟೋ ಹೊಡೆದು ಹಾಕಿದೆ. ಹೆಸರು ‘ನೀರು ಬಂತು’, ಚಿತ್ರ ನಳದ್ದು, ಕಾಲ ಬೇಸಿಗೆಯದು.

ಒಂದು ವಾರದಲ್ಲಿ ಗ್ರೂಪು ತುಂಬಿ ತುಳುಕಿತು. ಒಬ್ಬರು ಇನ್ನೊಬ್ಬರಿಗೆ ಲಿಂಕ್ ಕಳಿಸಿದರು, ಅವರು ಮತ್ತೊಬ್ಬರಿಗೆ. ನಮ್ಮ ಓಣಿ, ಹಿಂದಿನ ಓಣಿ, ಬಸ್‌ಸ್ಟ್ಯಾಂಡ್ ಹಿಂದಿನ ಮನೆಗಳು, ಎಲ್ಲರೂ. ಎಲ್ಲ ಪೈಕಿಯವರೂ. ಮುಂಜಾನೆ ಎದ್ದ ಕೂಡಲೇ ಅದೇ ಪ್ರಶ್ನೆ: "ನೀರು ಬಂತೇನ್ರಿ?" ಉತ್ತರ: "ಇನ್ನಾ ಇಲ್ರಿ." "ನಮ್ ಕಡಿ ಬಂತು." "ಬಂತಾ? ಜೋರ ಅದಾ ಸಣ್ಣಗ ಅದಾ?" ನಮ್ಮಲ್ಲಿ ನಳ ದಿನಾ ಬರುವುದಿಲ್ಲ. ಬಂದಾಗ ಹಿಡಿಯಬೇಕು, ಮನೆಯಲ್ಲಿರದಿದ್ದರೆ ಹೋಯಿತು. ಪಾಪ, ಮಂದಿ ಇದನ್ನು ನಳದ ಸುದ್ದಿಯ ಗ್ರೂಪು ಎಂದುಕೊಂಡಿದ್ದರು.

ನನಗೆ ಎರಡನೆಯ ದಿನವೇ ತಿಳಿಯಿತು. ಇವರಿಗೆ ತಿಳಿಯಲಿಲ್ಲ. ಕನ್ನಡಕ ಏರಿಸಿಕೊಂಡು, ಒಂದೊಂದನ್ನೂ ದೊಡ್ಡ ದನಿಯಲ್ಲಿ ಓದುವರು. "ನೋಡಿಲ್ಲಿ, ‘ಯಾವಾಗ ಬರತದ, ಕಾಯ್ದು ಕಾಯ್ದು ಸಾಕಾಗ್ಯದ’ ಅಂತ ಬರದಾಳ ಒಬ್ಬಾಕಿ. ಎಂಥಾ ಹಂಬಲ ನೋಡು." ಅವಳು ಯಾರೆಂದು ನನಗೆ ಗೊತ್ತು. ಮೂರು ದಿನದ ಬಟ್ಟೆ ನೆನೆಹಾಕಿಕೊಂಡು ಕೂತಿದ್ದಳು. ಇವರು ಪ್ರತಿಯೊಬ್ಬರಿಗೂ ‘ಬರಲಿ’ ಎಂದು ಉತ್ತರ ಬರೆಸುತ್ತಿದ್ದರು. ಮಂದಿಗೆ ಅದೂ ಸರಿಹೊಂದಿತು. ಬರಲಿ ಎಂದು ಹಾರೈಸುವ ಅಡ್ಮಿನ್ ಯಾರಿಗೆ ಬೇಡ?

ಹೇಳಬೇಕೆಂದು ಹತ್ತಾರು ಸಲ ಬಾಯಿ ತೆರೆದೆ. ಇವರು ಗಡ್ಡ ಹೆರೆಯತೊಡಗಿದ್ದರು. ಅಂಗಿಗೆ ಇಸ್ತ್ರಿ ಬಿದ್ದಿತ್ತು. ಪಲ್ಯಕ್ಕೆ ಉಪ್ಪು ಕಡಿಮೆಯಾಯಿತೆಂದು ನನ್ನೊಡನೆ ಸರಿಯಾಗಿ ಜಗಳವಾಡಿದರು. ಎಷ್ಟು ದಿನದ ಮೇಲೆ ಜಗಳ! ಒಳಗೆ ಹೋಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಬಂದೆ. ಇಂಥ ಗಂಡನ ಮುಂದೆ, ‘ಅವರು ಕೇಳಲಿಕತ್ತಿದ್ದು ನಳದ ನೀರ್ರೀ, ನಿಮ್ಮ ನೀರಲ್ಲ’ ಎಂದು ಯಾವ ಬಾಯಿಂದ ಹೇಳಲಿ? ಹೇಳಲಿಲ್ಲ.

ಆ ಹೊತ್ತಿಗೆ ರಸ್ತೆ ಅಗೆಯುವಾಗ ದೊಡ್ಡ ಪೈಪು ಒಡೆದು ನಮ್ಮ ಕಡೆ ನಳ ಪೂರ್ತಿ ನಿಂತಿತು. ಗ್ರೂಪಿನಲ್ಲಿ ಹಾಹಾಕಾರ. "ಇಷ್ಟು ಮಂದಿ ತಳಮಳಸಾಕತ್ತಾರ, ಇನ್ನ ತಡ ಮಾಡಬಾರದು" ಎಂದು ಇವರು ಮೊದಲ ಸಭೆ ನಿಶ್ಚಯಿಸಿದರು. ಭೀಮೆಯ ದಂಡೆಯ ಸನ್ನತಿಯಲ್ಲಿ ಮಾಡಬೇಕೆಂಬ ಆಸೆ ಅವರದು. ಹಿಂದೆ ಅಲ್ಲಿ ಬುದ್ಧನ ಮಂದಿ ಇದ್ದರು, ಜಾಗಕ್ಕೆ ಹೊಸ ಮಾತು ಕೇಳುವ ರೂಢಿ ಇದೆ ಎನ್ನುವರು. ಅಷ್ಟು ದೂರ ನಿಮ್ಮ ಅಜ್ಜ ಬರ್ತಾನೇನು ಎಂದು ನಾನು ಬಾಯಿ ಮಾಡಿದ ಮೇಲೆ ಕಾಗಿಣಾ ದಂಡೆಗೇ ಇಳಿದರು.

ಚಿತ್ತಾಪುರದ ದೋಸ್ತನಿಗೆ ಮಾತ್ರ ತಾವೇ ಫೋನ್ ಮಾಡಿದರು. ನಾನು ಪಕ್ಕದಲ್ಲೇ ಇದ್ದೆ. ಆ ಕಡೆಯಿಂದ, "ಬರ್ತೀನಿ ಮಾರಾಯ. ಆದ್ರ ಕುಂತು ನೋಡ್ತೀನಿ, ಅಷ್ಟ" ಎಂದದ್ದು ಕೇಳಿತು. ಫೋನ್ ಇಟ್ಟು ಇವರು ನನಗೆ ಹೇಳಿದರು: "ನೂರು ಮಂದಿ ಕುಡದರ ಏನು, ಬಿಟ್ಟರ ಏನು. ಅಂವಾ ಒಂದು ಗುಟುಕು ಕುಡೀಬೇಕು. ಕುಡೀಲಿಲ್ಲಂದ್ರ ಅಷ್ಟೂ ಗ್ರೂಪ್ ಅಳಿಸಿಬಿಡು. ನಾ ಮತ್ತ ಇದರ ಮಾತು ತೆಗ್ಯಾಂಗಿಲ್ಲ."

ಮತ್ತೆ ಯಾವ ಮಾತನ್ನೂ ತೆಗೆಯುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಮತ್ತೆ ಆ ಗಡಿಯಾರ, ಆ ಕುರ್ಚಿ. ಧರ್ಮ ಎಂದು ಇಷ್ಟು ಮಂದಿಯನ್ನು ಕಲೆಹಾಕಿದ್ದು ಒಬ್ಬ ಮನುಷ್ಯನಿಗೆ ನೀರು ಕುಡಿಸಲಿಕ್ಕೆ ಎಂದು ನನಗೆ ಆಗ ತಿಳಿಯಿತು.

ಇವರು ಹೇಳಿದರು, ನಾನು ಗ್ರೂಪಿಗೆ ಬರೆದೆ. "ಭಾನುವಾರ ಮುಂಜಾನೆ ಕಾಗಿಣಾ ದಂಡೆಯಲ್ಲಿ ನೀರು ಬಂತು. ಎಲ್ಲರೂ ಬನ್ನಿ. ಒಬ್ಬರಿಗೂ ಇಲ್ಲ ಎನ್ನುವುದಿಲ್ಲ." ಓದಿದ ಮಂದಿ ಏನು ತಿಳಿಯುತ್ತಾರೆಂದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಒಂದಕ್ಷರ ತಿದ್ದಲಿಲ್ಲ. ಖಾಲಿ ದಂಡೆಯಲ್ಲಿ ಇವರೊಬ್ಬರೇ ತಂಬಿಗೆ ಹಿಡಿದು ನಿಂತದ್ದನ್ನು ಆ ದೋಸ್ತ ನೋಡುವುದಕ್ಕಿಂತ, ಬೈಯಲಿಕ್ಕಾದರೂ ನಾಲ್ಕು ಮಂದಿ ಬರಲಿ ಎಂದು ಕಳಿಸಿಬಿಟ್ಟೆ.

ಭಾನುವಾರ ಆಟೋದಲ್ಲಿ ತಾಮ್ರದ ಹಂಡೆ ಇಟ್ಟುಕೊಂಡು ಹೋದೆವು. ನಳ ಇಲ್ಲದ ಕಾರಣ ಮನೆಯಲ್ಲಿದ್ದ ಕುಡಿಯುವ ನೀರನ್ನೆಲ್ಲ ಬಳಿದು ಆ ಹಂಡೆಗೆ ಸುರಿದಿದ್ದರು. ದಂಡೆಯಲ್ಲಿ ದೋಸ್ತ ಆಗಲೇ ಬಂದು, ಜಾಲಿಗಿಡದ ನೆರಳಲ್ಲಿ ಒಂದು ಕಲ್ಲಿನ ಮೇಲೆ ಕೂತಿದ್ದರು. ಮಡಿಲಲ್ಲಿ ಚೀಲ, ಚೀಲದೊಳಗೆ ಬಾಟಲಿಯ ಮೂತಿ ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಮಂದಿ ಬಂದರು. ನಡೆದು ಬಂದರು, ಆಟೋದಲ್ಲಿ ಬಂದರು, ಸೈಕಲ್ಲಿಗೆ ಕೊಡ ಕಟ್ಟಿಕೊಂಡು ಬಂದರು. ಎಲ್ಲರ ಕೈಯಲ್ಲೂ ಖಾಲಿ ಕೊಡ, ಬಕೆಟ್, ಪ್ಲಾಸ್ಟಿಕ್ ಕ್ಯಾನು. ನಮ್ಮವರ ಕಣ್ಣು ತುಂಬಿ ಬಂತು. ನನ್ನ ಕಿವಿಯಲ್ಲಿ, "ನಾ ಹೇಳೇ ಇಲ್ಲ, ತಾವಾಗೇ ಖಾಲಿ ಕೊಡ ತಂದಾರ ನೋಡು. ಎಷ್ಟು ತಿಳದದ ಮಂದಿಗಿ" ಎಂದರು.

ಅಷ್ಟರಲ್ಲಿ ಮುಂದಿದ್ದ ಒಬ್ಬ ಮುದುಕಿ ಕೊಡ ಕೆಳಗಿಟ್ಟು, "ಟ್ಯಾಂಕರ್ ಎಲ್ಲ್ಯದಪಾ?" ಎಂದಳು.

"ಯಾವ ಟ್ಯಾಂಕರವ್ವಾ?" ಎಂದರು ಇವರು.

"ನೀನೇ ಅಲ್ಲೇನು ಅಡ್ಮಿನ್ನು? ದಿನಾ ಬರಲಿ ಬರಲಿ ಅಂತೀದಿ. ಎಲ್ಲಿ ಬಂತು?"

ಹಿಂದಿನವರು ಮುಂದೆ ಬಂದರು. "ಬಿಸಲಾಗ ಮಂದಿಗಿ ಸುಮ್ಮ ತಿರಗಸ್ತೀರೇನ್ರಿ?" "ನಳ ಯಾವಾಗ ಬಿಡ್ತೀರಿ, ಅದು ಹೇಳ್ರಿ." "ನಿಮ್ಮ ಸಾಹೇಬರಿಗಿ ಫೋನ್ ಹಚ್ರಿ." ಇವರನ್ನು ನಳ ಬಿಡುವ ಕಚೇರಿಯವರೆಂದೇ ತಿಳಿದಿದ್ದರು. ಇವರ ಮುಖ ನೋಡಿದೆ. ಒಂದೊಂದೇ ಮಾತು ಒಳಗಿಳಿದು, ಇಷ್ಟು ದಿನದ ಮೆಸೇಜುಗಳೆಲ್ಲ ಅವರ ಕಣ್ಣ ಮುಂದೆ ಮತ್ತೊಮ್ಮೆ ಹಾದು, ಅರ್ಥ ಬದಲಾಗುತ್ತಿದ್ದದ್ದು ಅಲ್ಲಿ ಕಾಣುತ್ತಿತ್ತು. ನನ್ನ ಕಡೆ ತಿರುಗಿದರು. ನಾನು ಹೊಳೆಯ ಎಮ್ಮೆಗಳನ್ನು ನೋಡಿದೆ.

ಮೈಮೇಲೆ ಏರಿ ಬರುವ ಮಂದಿಯ ಮುಂದೆ ಇವರಿಗೆ ಏನೂ ತೋಚಲಿಲ್ಲ. ತೋಚದೆ, ಮನೆಗೆ ಯಾರೇ ಸಿಟ್ಟಾಗಿ ಬಂದರೂ ನಮ್ಮ ಕಡೆ ಮೊದಲು ಏನು ಹೇಳುತ್ತೇವೋ ಅದನ್ನೇ ಹೇಳಿದರು. "ಮೊದಲ ನೀರು ಕುಡೀರಿ. ಆಮ್ಯಾಲ ಬೈರಿ." ಹಂಡೆಯಲ್ಲಿ ತಂಬಿಗೆ ಅದ್ದಿ ಮುದುಕಿಗೆ ಕೊಟ್ಟರು.

ನೀರು ಕುಡಿ ಎಂದಮೇಲೆ ಬೈಗುಳ ತಡೆಯಲೇಬೇಕು. ಮುದುಕಿ ಗಟಗಟ ಕುಡಿದು, ಬಾಯಿ ಒರೆಸಿಕೊಂಡು, ಪಕ್ಕದವಳಿಗೆ ತಂಬಿಗೆ ದಾಟಿಸಿದಳು. ಅವಳು ಕುಡಿದು ಹಿಂದಿನವನಿಗೆ. ಸೂರ್ಯ ಏರಿದ್ದ, ಎಲ್ಲರ ನಾಲಗೆ ಒಣಗಿತ್ತು, ತಂಬಿಗೆ ಇದ್ದದ್ದು ಒಂದೇ. ನೂಕಾಟ ಶುರುವಾಯಿತು. ಆಗ ಕಲ್ಲಿನ ಮೇಲಿದ್ದ ದೋಸ್ತ ಚೀಲ ಹೆಗಲಿಗೇರಿಸಿ ಎದ್ದು ಬಂದರು. ಕಾರ್ಖಾನೆಯ ಗೇಟಿನಲ್ಲಿ ಕೂಗುತ್ತಿದ್ದ ಅದೇ ದನಿ. "ಏ, ಲೈನ್ ಹಚ್ರಿ. ಒಬ್ಬೊಬ್ಬರೇ ಬರ್ರಿ. ನೀರು ಎಲ್ಲಾರಿಗೂ ಅದ." ಅವರೇ ತಂಬಿಗೆ ತುಂಬಿದರು, ಕೊಟ್ಟರು, ವಾಪಸು ಪಡೆದು ಮತ್ತೆ ತುಂಬಿದರು. ಇವರು ಹಂಡೆ ವಾಲಿಸಿ ಹಿಡಿದರು. ಮಂದಿ ಕುಡಿಯುತ್ತ ನಳವನ್ನು ಬೈದರು, ರಸ್ತೆಯನ್ನು ಬೈದರು, ಇವರನ್ನು ಬೈದರು. ಯಾರ ಪೈಕಿ ಎಂದು ಒಬ್ಬರೂ ಕೇಳಲಿಲ್ಲ, ನಡುವೆ ಯಾರೂ ತೊಳೆಯಲಿಲ್ಲ. ನಮ್ಮವರು ಬಯಸಿದ ಧರ್ಮ ಕಣ್ಣೆದುರಿಗೆ, ಅಕ್ಷರ ತಪ್ಪದೆ ನಡೆಯುತ್ತಿತ್ತು. ನಡೆಸುತ್ತಿದ್ದೇವೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅಷ್ಟೇ.

ಆದರೆ ಇವರು ಮಂದಿಯನ್ನು ನೋಡುತ್ತಿರಲಿಲ್ಲ. ದೋಸ್ತನ ಕೈಯನ್ನು ನೋಡುತ್ತಿದ್ದರು. ಕಡೆಯವನು ಕುಡಿದು ಹೋದ. ದೋಸ್ತ ತಂಬಿಗೆ ಹಂಡೆಗೆ ಅದ್ದಿದರು. ತಳ ಕೆರೆದ ಸದ್ದಾಯಿತು. ಹಂಡೆ ಖಾಲಿ. ಖಾಲಿ ತಂಬಿಗೆಯನ್ನು ದೋಸ್ತ ಒಮ್ಮೆ ನೋಡಿ, ಹಂಡೆಯೊಳಗೆ ಇಟ್ಟರು.

ಮನೆಗೆ ಮರಳುವಾಗ ಆಟೋದಲ್ಲಿ ದೋಸ್ತ ಹಂಡೆ ಹಿಡಿದುಕೊಂಡು ಡ್ರೈವರನ ಪಕ್ಕ ಕೂತಿದ್ದರು. "ನಿನಗ ಗೊತ್ತಿತ್ತಾ?" ಎಂದು ಇವರು ನನ್ನನ್ನು ಮೆಲ್ಲಗೆ ಕೇಳಿದರು. ಹೂಂ ಎಂದೆ. "ಯಾವಾಗಿಂದ?" "ಫೋಟೋ ಹಾಕಿದ ಎರಡನೇ ದಿನದಿಂದ." ತಲೆಯಾಡಿಸಿದರು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಮನೆಗೆ ಬಂದು, ಆ ಹಳೆಯ ಕುರ್ಚಿಯಲ್ಲಿ, ಗಡಿಯಾರದ ಎದುರಿಗೆ ಕೂತರು.

ದೋಸ್ತ ಹಂಡೆಯನ್ನು ಕಟ್ಟೆಯ ಮೇಲಿಟ್ಟು ಒಳಗೆ ಬಂದರು. ಟವೆಲಿನಿಂದ ಕುತ್ತಿಗೆ ಒರೆಸಿಕೊಂಡು, ಎಂದಿನ ತಮ್ಮ ಜಾಗದಲ್ಲಿ ಕೂತು, ನನ್ನ ಕಡೆ ನೋಡಿ, "ವೈನಿ, ಒಂದ್ ತಂಬಿಗಿ ನೀರು ತರ್ರಿ" ಎಂದರು.

ನಾನು ನಿಂತಲ್ಲೇ ನಿಂತೆ. ಇವರು ಕುರ್ಚಿಯಿಂದ ಅರ್ಧ ಎದ್ದರು. ಅಡುಗೆಮನೆಗೆ ಓಡಿದೆ. ಕೊಡ ಬಗ್ಗಿಸಿದೆ, ಇಲ್ಲ. ಕ್ಯಾನು ಅಲ್ಲಾಡಿಸಿದೆ, ಇಲ್ಲ. ಹಿತ್ತಲಿಗೆ ಹೋಗಿ ನಳ ತಿರುಗಿಸಿದೆ, ಉಸ್ಸೆಂದು ಗಾಳಿ ಬಂತು. ಊರಿಗೆಲ್ಲ ಹಂಚಿ ಬಂದಿದ್ದೆವು, ಮನೆಯಲ್ಲಿ ಒಂದು ತೊಟ್ಟು ಇರಲಿಲ್ಲ. ಅಳು ಬಂತು. ಖಾಲಿ ತಂಬಿಗೆ ಹಿಡಿದುಕೊಂಡೇ ಹೊರಗೆ ಬಂದು, "ಇಲ್ರಿ" ಎಂದೆ.

ದೋಸ್ತ ಇವರ ಕಡೆ ತಿರುಗಿದರು. "ಏನ್ ಮನಷಾ ಅದೀ ನೀ. ಇಷ್ಟ್ ವರ್ಷ ಕುಡಿ ಕುಡಿ ಅಂತ ಬೆನ್ನ ಹತ್ತಿದಿ. ಕುಡೀಬೇಕಂತ ಕುಂತಾಗ ಖಾಲಿ ಮಾಡಿ ಇಟ್ಟೀದಿ."

ದೋಸ್ತ ನನ್ನ ಕೈಯಿಂದ ತಂಬಿಗೆ ತೆಗೆದುಕೊಂಡರು. ಚೀಲದಿಂದ ತಮ್ಮ ಬಾಟಲಿ ತೆಗೆದು, ಮುಚ್ಚಳ ತಿರುಗಿಸಿ, ಅದರಲ್ಲಿದ್ದಷ್ಟನ್ನೂ ನಮ್ಮ ತಂಬಿಗೆಗೆ ಸುರಿದು, ಇವರ ಮುಂದೆ ಹಿಡಿದರು. ಇವರು ಎರಡೂ ಕೈಯಿಂದ ಇಸಿದುಕೊಂಡು ಕುಡಿದರು. ನನಗೆ ಕೊಟ್ಟರು. ಬೆಚ್ಚಗಿದ್ದ ನೀರು, ಪ್ಲಾಸ್ಟಿಕ್ಕಿನ ವಾಸನೆ ಹೊಡೆಯುತ್ತಿತ್ತು. ಕುಡಿದು ದೋಸ್ತನ ಕೈಗಿಟ್ಟೆ. ಅವರು ಒರೆಸಲಿಲ್ಲ, ಎತ್ತಿ ಹೊಯ್ದುಕೊಳ್ಳಲಿಲ್ಲ, ತುಟಿ ಹಚ್ಚಿ ಉಳಿದದ್ದನ್ನು ಪೂರ್ತಿ ಕುಡಿದು ತಂಬಿಗೆ ಕೆಳಗಿಟ್ಟರು.

ಆ ಹೊತ್ತಿಗೆ ನನ್ನ ಫೋನ್ ಟಿಂಗೆಂದಿತು. "ನೀರು ಬಂತೇನ್ರಿ?" ಎಂದು ಯಾರೋ ಸೇಡಂ ಗ್ರೂಪಿನಲ್ಲಿ ಕೇಳಿದ್ದರು. ನಾನು ನೋಡುತ್ತಿದ್ದಂತೆಯೇ ಇವರು ಫೋನ್ ಕಸಿದುಕೊಂಡು, ಕನ್ನಡಕವೂ ಇಲ್ಲದೆ, ಒಂದೇ ಬೆರಳಿನಿಂದ, ಒಂದೊಂದೇ ಅಕ್ಷರ ಹುಡುಕಿ, "ಬಂತು" ಎಂದು ಬರೆದು ಕಳಿಸಿಬಿಟ್ಟರು.

ತಡೆಯಲು ಆಗಲಿಲ್ಲ. ಓಣಿಯ ಉದ್ದಕ್ಕೂ ಬಾಗಿಲು ತೆರೆದ ಸದ್ದು, ಕೊಡ ತಾಗಿದ ಸದ್ದು, ನಳ ತಿರುಗಿಸಿದ ಸದ್ದು ಕೇಳಿತು. ಆಮೇಲೆ ಒಬ್ಬೊಬ್ಬರ ದನಿ ಏರತೊಡಗಿತು. ದೋಸ್ತರಿಬ್ಬರೂ ಡಬ್ಬಿ ತೆರೆದು ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದರು. ಬೈಗುಳ ಕೇಳಿಸಿಕೊಳ್ಳಲು ನಾನೇ ಬಾಗಿಲಿಗೆ ಹೋದೆ.